ಅಕ್ಕ ನೋಡುತ್ತಿದ್ದ ಸ್ವಯಂವರಗಳು

ಅಕ್ಕ ಅವತ್ತು ಅಡಿಗೆಮನೆಯಲ್ಲಿ ನಿಂತು ಆ ಭಾಷಣ ಮಾಡಿದಳೋ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಮಾಡಿದಳು ಎಂದು ನನ್ನ ನೆನಪು. ಕೊನೆಗೆ ಅತ್ತಳು ಎಂದೂ ನೆನಪು. ಅವ್ವನನ್ನು ಕೇಳಿದರೆ, "ಎಲ್ಲಿ ಅತ್ತಳೋ? ನಕ್ಕ ನಕ್ಕ ನಮಗ ಸಾಕಾಗಿತ್ತ" ಅನ್ನುತ್ತಾಳೆ. ಅಕ್ಕನನ್ನೇ ಕೇಳಿದರೆ ಅಂಥದ್ದು ನಡೆದೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ: ಸಾಕ್ಷಿಯನ್ನು ಸುಲಭವಾಗಿ ನಂಬಬಾರದು, ಆ ಸಾಕ್ಷಿ ನಾನೇ ಆಗಿದ್ದರಂತೂ ನಂಬಲೇಬಾರದು.

ಇದೆಲ್ಲ ಮತ್ತೆ ತಲೆಗೆ ಹೊಕ್ಕದ್ದು ಒಂದು ಡೋಲಿನ ಸದ್ದಿನಿಂದ. ಕೊಲ್ಹಾಪುರದಲ್ಲಿ ನಮ್ಮ ಕೆಳಗಿನ ಮನೆಯವರು ಟಿವಿಯಲ್ಲಿ ಜೋಡಿ ಹುಡುಕುವ ಆಟ ನೋಡುತ್ತಾರೆ. ನೋಡುವುದಿಲ್ಲ ಎಂದು ನೀವು ಹೇಳಿಕೊಂಡರೂ ನಿಮಗೆ ಗೊತ್ತಿರುತ್ತದೆ. ಸಮುದ್ರದ ದಂಡೆಯ ಬಂಗಲೆ, ಒಬ್ಬ ಹುಡುಗ, ಬಹಳ ಮಂದಿ ಹುಡುಗಿಯರು, ವಾರಕ್ಕೊಬ್ಬಳು ಮನೆಗೆ. ಕಳಿಸುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಡೋಲು ಬಾರಿಸಿ, ಒಂದೊಂದೇ ಮುಖ ತೋರಿಸಿ, ನಮ್ಮ ಜೀವ ತಿಂದು, ಆಮೇಲೆ ಹೆಸರು ಕೂಗುತ್ತಾರೆ. ಈ ವರ್ಷ ಒಂದು ದಿನ ಆ ಡೋಲು ನೆಲದ ಮೂಲಕ ಮೇಲೆ ಬಂತು. ನಾನು ಓದುತ್ತಿದ್ದ ಪುಸ್ತಕ ಮುಚ್ಚಿ, ಯಾರ ಹೆಸರು ಬರುತ್ತದೋ ಎಂದು ಕಿವಿಗೊಟ್ಟು ಕೂತೆ.

ನನಗೆ ಈ ಚಟ ಹತ್ತಿಸಿದವಳು ಅಕ್ಕ. ನಮ್ಮ ಮನೆ ಇಚಲಕರಂಜಿಯಲ್ಲಿ. ಅಜ್ಜ ಬನಹಟ್ಟಿ ಕಡೆಯಿಂದ ಮಗ್ಗದ ಬೆನ್ನು ಹತ್ತಿ ಬಂದವನು. ಅಂದಿನಿಂದ ಮನೆಯೊಳಗೆ ಮಾತು ಕನ್ನಡ, ಓಣಿಯಲ್ಲಿ ಜಗಳ ಮರಾಠಿ. ಮುಂದೆ ನಾವು, ಹಿಂದೆ ಪವರ್‌ಲೂಮ್, ನಡುವೆ ಒಂದು ಗೋಡೆ. ಮಗ್ಗ ಓಡುವಾಗ ತಟ್ಟೆಯಲ್ಲಿಟ್ಟ ಚಮಚವೂ ನಡುಗುತ್ತಿತ್ತು. ಅಂಥ ಮನೆಯಲ್ಲಿ ಹುಟ್ಟಿದವರು ಒಂದೋ ಕೂಗಿ ಮಾತಾಡುತ್ತಾರೆ, ಇಲ್ಲವೇ ತುಟಿ ನೋಡಿ ತಿಳಿಯುತ್ತಾರೆ. ಮಗ್ಗದ ಲಾಳಿಯೊಳಗೆ ಕೂಡುವ ನೂಲಿನ ಕಾಂಡಿ ಸುತ್ತುವ ಕೆಲಸ ಅಕ್ಕನದು. ಕೆಲಸ ಮುಗಿಸಿ, ಕೂದಲಿಗೆ ಹತ್ತಿದ ಹತ್ತಿ ಕೊಡವಿಕೊಂಡು ಬಂದು ಟಿವಿಯ ಮುಂದೆ ಕೂಡುತ್ತಿದ್ದಳು. ಎಷ್ಟು ದನಿ ಕೊಟ್ಟರೂ ಟಿವಿ ಕೇಳುತ್ತಿರಲಿಲ್ಲ. ಹಾಗಾಗಿ ಅದರ ಹಿಂದಿ ಮಾತನ್ನೆಲ್ಲ ಅಕ್ಕನೇ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದಳು.

"ನಿನ್ನ ಬಿಟ್ಟ ನನಗ ಊಟ ಸೇರುವಲ್ದು ಅಂತಾಳವ್ವ ಈಕಿ."

"ಹಂಗಾದ್ರ ಅಕ್ಕಿ ಉಳೀತ ಬಿಡು" ಎಂದು ಅವ್ವ.

ಪಕ್ಕದ ಮನೆಯ ಮಾಲನ್ ಮಾವಶಿಗೆ ಹುಡುಗನ ಮೇಲೆ ಮೊದಲಿನಿಂದ ಸಂಶಯ. "ಲಬಾಡ ಆಹೇ ಗ ಹಾ! ಸುಳ್ಳಬುರಕ! ಕಣ್ಣ ನೋಡ ಕಸ್ತೂರೀ, ಮೂರು ಹುಡಿಗ್ಯಾರಿಗೆ ಅದ ಮಾತ ಹೇಳ್ಯಾನ."

ನಾನು ಆಗ ಕೊಲ್ಹಾಪುರದ ಹಾಸ್ಟೆಲಿನಿಂದ ರಜೆಗೆ ಬರುವ ಪಂಡಿತ. "ಅದೆಲ್ಲಾ ಮೊದಲ ಬರದ ಕೊಟ್ಟಿರತಾರಕ್ಕಾ. ಅಳೋದ ಸುದ್ದಾ ಬರದಿರತಾರ" ಎಂದು ಉಪದೇಶ ಮಾಡುತ್ತಿದ್ದೆ. ಅಕ್ಕ ಕಣ್ಣು ಟಿವಿಯಿಂದ ತೆಗೆಯದೆ ಹೇಳುತ್ತಿದ್ದಳು: "ನನ್ನ ನೋಡಾಕ ಬರತಾರಲ್ಲ, ಅವರದ ಯಾರ ಬರದ ಕೊಡತಾರೋ? ಎಷ್ಟ ಕಲ್ತಿ, ಅಡಗಿ ಬರತೈತೇನು, ನಾಕ ಹೆಜ್ಜಿ ನಡದ ತೋರಸು. ಇವರ ಸಮುದ್ರನರ ತೋರಸ್ತಾರ."

ಎರಡು ಆಟಕ್ಕೂ ಒಂದು ವ್ಯತ್ಯಾಸವಿತ್ತು. ಅಕ್ಕನಿಗೆ ಬೇಕಾದದ್ದು ಆ ವ್ಯತ್ಯಾಸ. ಬೇಡ ಎಂಬ ಮಾತನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಒಪ್ಪಿಗೆಯಾದರೆ ಯಾರಾದರೂ ಸಕ್ಕರೆ ಹಿಡಿದು ಬರುತ್ತಾರೆ, ಆಗದಿದ್ದರೆ ಯಾರೂ ಬರುವುದಿಲ್ಲ. ಬಾರದಿರುವುದೇ ಉತ್ತರ. ಆದರೆ ಬಾರದಿರುವುದು ಯಾವ ದಿನಕ್ಕೆ ಪೂರಾ ಆಯಿತು ಎಂದು ಯಾರು ಹೇಳಬೇಕು? ಟಿವಿಯ ಹುಡುಗಿಯರನ್ನು ನಿಲ್ಲಿಸಿ, ಹೆಸರು ಹಿಡಿದು, ಎದುರಿಗೇ ಹೇಳುತ್ತಿದ್ದರು. ಹೋಗುವ ಮೊದಲು ಅವಳಿಗೂ ಎರಡು ಮಾತಾಡಲು ಬಿಡುತ್ತಿದ್ದರು. ಪ್ರೀತಿಯ ಕಂತು ಬಂದಾಗ ಅಕ್ಕ ಎದ್ದು ಹಿಟ್ಟು ನಾದಲು ಹೋಗುತ್ತಿದ್ದಳು. ಕಳಿಸುವ ಹೊತ್ತಿಗೆ ಮಾತ್ರ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು.

"ಬ್ಯಾಡ ಅನ್ನಾಕ ಸುದ್ದಾ ಹೆಸರ ತೊಗೋತಾರ ನೋಡಲ್ಲೇ" ಎಂದಿದ್ದಳು ಒಮ್ಮೆ. "ನಮ್ಮ ಮನಿಗೆ ಬಂದವರು? ಹುಡುಗಿ ಕರೀರಿ, ಹುಡುಗಿ ಕೂಡ್ರಲಿ, ಹುಡುಗಿ ಒಳಗ ಹೋಗಲಿ."

ಬಂದವರಲ್ಲಿ ಗಡಹಿಂಗ್ಲಜದವರೊಬ್ಬರೇ ನನಗೆ ಬೇರೆಯಾಗಿ ನೆನಪಿರುವುದು. ಹುಡುಗ ಆಗ ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಕೈಮೇಲೆ ಸುಟ್ಟ ಕಲೆಗಳು. ಅವನೊಂದಿಗೆ ತಾಯಿ, ಸೋದರಮಾವ. ದೊಡ್ಡ ಬೀಗರು ಬಂದಾಗ ಮಗ್ಗ ನಿಲ್ಲಿಸುವುದು ನಮ್ಮ ಓಣಿಯ ಮರ್ಯಾದೆ. ಕೂಲಿ ಹೋದರೂ ಹೋಗಲಿ, ಅತಿಥಿಗಳಿಗೆ ಮಾತು ಕೇಳಬೇಕು. ಅಪ್ಪ ಸ್ವಿಚ್ ತೆಗೆದ. ಮನೆ ಎಂದೂ ಇಲ್ಲದಷ್ಟು ಸುಮ್ಮನಾಯಿತು. ಅವ್ವ ಆ ಮೌನದಲ್ಲೂ ರೂಢಿಯಂತೆ "ಅವಲಕ್ಕಿ ತೊಗೊಂಬಾ!" ಎಂದು ಕೂಗಿದಳು, ಸೋದರಮಾವ ಬೆಚ್ಚಿಬಿದ್ದ. ಹುಡುಗ ನಕ್ಕ. ಅಕ್ಕನೂ ನಕ್ಕಳು. ಆ ನಗುವಿನ ಬೆನ್ನಿಗೆ ಅವಳಿಗೆ ಕೆಮ್ಮು ಬಂತು.

ಅದು ಅಷ್ಟಕ್ಕೆ ನಿಲ್ಲಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದಲೂ ಕೇಳುತ್ತಲೇ ಇತ್ತು, ಒಣ ಕೆಮ್ಮು, ತಳದಿಂದ ಕೆರೆದು ತೆಗೆಯುವಂಥದ್ದು. ನಾನು ಅಪ್ಪನ ಮುಖ ನೋಡಿದೆ. ಅವನು ಗೋಡೆಯ ಕಡೆ, ನಿಂತ ಮಗ್ಗಗಳಿದ್ದ ಕಡೆ ನೋಡುತ್ತಿದ್ದ. ಅಕ್ಕ ಎಷ್ಟು ದಿನದಿಂದ ಹಾಗೆ ಕೆಮ್ಮುತ್ತಿದ್ದಳೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೆಮ್ಮು ಕೇಳಿಸುತ್ತಿರಲಿಲ್ಲ. ಅಪ್ಪನ ಆ ಮುಖದ ನೆನಪು ನಿಜವೋ, ಆಮೇಲೆ ತಿಳಿದದ್ದರಿಂದ ನಾನೇ ಹೊಲಿದು ಹಚ್ಚಿದ್ದೋ, ಅದೂ ಸಂಶಯವೇ.

ಹೊರಡುವಾಗ ಹುಡುಗ ಬಾಗಿಲಲ್ಲಿ ನಿಂತು ಒಳಗಿನ ಕಡೆ ಒಮ್ಮೆ ನೋಡಿದ. ಅಷ್ಟೇ ಸಾಕಾಯಿತು ಅಕ್ಕನಿಗೆ. ಕೆಲವು ದಿನದ ಮೇಲೆ ಅಪ್ಪ ತಾನೇ ಗಡಹಿಂಗ್ಲಜಕ್ಕೆ ಹೋಗಿ ಬಂದ. ಚಪ್ಪಲಿ ಬಿಡುತ್ತ, "ಹೇಳಿ ಕಳಸ್ತಾರಂತ" ಎಂದ. ಅಕ್ಕ ಕೇಳಿದಳು: "ಯಾವಾಗಂತ?" "ಕಳಸ್ತಾರಂತ್ ವಾ, ಹೇಳಿದ್ನಲ್ಲ." ಅದೇ ವಾರ ಅವಳನ್ನು ಕಾಂಡಿಯ ಕೆಲಸದಿಂದ ಬಿಡಿಸಿದ. "ನೂಲ ಹರೀತಿ ನೀ, ಒಳಗಿಂದ ನೋಡಕೋ" ಎಂದ. ಅಕ್ಕ ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಕಳಿಸಲಿಲ್ಲ. ಬೇರೆ ಕಡೆಯಿಂದ ಕೇಳಿಕೊಂಡು ಬಂದಾಗ ಅಕ್ಕ, "ಗಡಹಿಂಗ್ಲಜದವರದು ಒಂದ ಆಗಲಿ, ಆಮ್ಯಾಗ ನೋಡೂಣು" ಅನ್ನುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದ. ಬರುವವರು ಕಡಿಮೆಯಾದರು. ಗಡಹಿಂಗ್ಲಜದ ಹುಡುಗನ ಮದುವೆ ಯಾವಾಗಲೋ ಆಗಿಹೋಯಿತೆಂದು ಯಾರದೋ ಬಾಯಲ್ಲಿ ತಿಳಿಯಿತು. ಅಪ್ಪ ತೀರಿಕೊಂಡ. ಮಗ್ಗಗಳನ್ನು ಮಾರಿದೆವು. ಮನೆ ಸುಮ್ಮನಾಯಿತು, ಟಿವಿ ಸ್ಪಷ್ಟವಾಗಿ ಕೇಳತೊಡಗಿತು.

ಅಡಿಗೆಮನೆಯ ಭಾಷಣ ಆ ಮದುವೆಯ ಸುದ್ದಿ ಬಂದ ದಿನದ್ದು, ಅಥವಾ ಮರುದಿನದ್ದು. ಸೌಟನ್ನು ಮೈಕಿನಂತೆ ಹಿಡಿದು, ಅವ್ವನನ್ನೂ ಮಾಲನ್ ಮಾವಶಿಯನ್ನೂ ಎದುರಿಗೆ ಕೂರಿಸಿ ಅಕ್ಕ ಹೇಳಿದಳು: "ನಾ ಕಸ್ತೂರಿ, ಇಚಲಕರಂಜಿಯಿಂದ. ಇಷ್ಟ ದಿನ ನನ್ನ ಆಟದಾಗ ಇಟಗೊಂಡಿದ್ದಕ್ಕ ಗಡಹಿಂಗ್ಲಜದವರ ಉಪಕಾರ ಭಾಳ ಆತು. ಸಿಟ್ಟ ಮಾಡಾಕತ್ತಿಲ್ಲ ನಾ. ಖರೇ, ಯಾಕಂತ ಒಂದ ಮಾತ ನನ್ನ ಹೆಸರಲೇ ಹೇಳಿ ಕಳಿಸಿದ್ರ..." ಎಲ್ಲರೂ ನಗುತ್ತಿದ್ದರು. ಮುಂದಿನದು ನನ್ನಲ್ಲಿಲ್ಲ. ಅಲ್ಲಿಗೆ ನೂಲು ಹರಿದಿದೆ.

ಈ ವರ್ಷ ಹೆಂಡತಿ ಶೋಭಾಳ ತವರು ಆಜರಾದಿಂದ ಬರುವಾಗ ಗಡಹಿಂಗ್ಲಜದಲ್ಲಿ ಗಾಡಿ ನಿಲ್ಲಿಸಿದೆ. ಅಂದು ಅಕ್ಕನನ್ನು ನೋಡಿ ಹೋದ ಹುಡುಗ ಈಗ ಅಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವುದು ನನಗೆ ಗೊತ್ತಿತ್ತು; ಪ್ರತಿಸಲವೂ ಬೋರ್ಡಿನ ಮೇಲಿನ ಅಡ್ಡಹೆಸರು ಓದಿ ಮುಂದೆ ಹೋಗುತ್ತಿದ್ದೆ. ಈ ಸಲ ಯಾಕೆ ನಿಂತೆನೋ. ಕೆಳಗಿನ ಮನೆಯ ಡೋಲು ಇನ್ನೂ ತಲೆಯಲ್ಲಿತ್ತೇನೋ. ತಲೆ ನೆರೆದಿತ್ತು, ಕಲೆಗಳಿಂದ ಗುರುತು ಹಿಡಿದೆ. ನಮ್ಮಕ್ಕನನ್ನು ನೋಡಲು ನೀವು ಬಂದಿದ್ದಿರಿ, ಇಚಲಕರಂಜಿಗೆ, ಎಂದೆ. ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ.

"ಲೂಮ್ ಬಂದ್ ಮಾಡಿದ್ರಲ್ರಿ, ಆ ಮನಿ?"

"ಹೌದ್ರಿ. ನೀವು ಏನೂ ಹೇಳಿ ಕಳಸಲಿಲ್ಲ."

ಅವನು ನನ್ನನ್ನೂ ಶೋಭಾಳನ್ನೂ ನೋಡಿದ. "ಹೇಳೇನಲ್ರಿ ನಾ. ನಿಮ್ಮ ತಂದೆಯವರಿಗೆ. ಇಲ್ಲೇ ಸ್ಟ್ಯಾಂಡಿನ ಮುಂದ ಚಾದ ಅಂಗಡ್ಯಾಗ ಎದರಿಗೆ ಕೂತ ಹೇಳಿದ್ದೆ. ನನ್ನ ಮನಸಿನ್ಯಾಗ ಇತ್ರಿ. ಅವ್ವಗ ಆ ಕೆಮ್ಮಿನ ಅಂಜಿಕಿ. ಕ್ಷಯ ಅದು ಅಂದಳು. ಅಲ್ಲಬೇ, ಹತ್ತಿ ಧೂಳಿ ಅದು ಅಂದೆ. ಕೇಳಲಿಲ್ರಿ. ಆಕಿನ್ನ ಮೀರಿ ಹೋಗೂ ಧೈರ್ಯ ನನಗ ಆಗಲಿಲ್ಲ."

"ಅಪ್ಪ ಏನಂದ್ರು?"

"ಧೂಳಿ ನಮ್ಮ ಮನೀದು ಅಂದ್ರು. ಹುಡುಗಿಗೆ ನಾ ತಿಳಿಸಿ ಹೇಳತೇನಿ ಅಂತ ಎದ್ದ ಹೋದ್ರು." ಆಮೇಲೆ ಅಕ್ಕನ ಆರೋಗ್ಯ ವಿಚಾರಿಸಿದ. ಗಿರಾಕಿ ಬಂದ. ನಾವು ಹೊರಟೆವು.

ಮುಂದಿನ ಭಾನುವಾರ ಒಬ್ಬನೇ ಇಚಲಕರಂಜಿಗೆ ಹೋದೆ. ಅಕ್ಕ ಮೊಬೈಲಿನಲ್ಲಿ ಹೊಸದೊಂದು ಆಟ ನೋಡುತ್ತಿದ್ದಳು. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿದ್ದೆ. ಕೂತ ಕೂಡಲೇ ಎಲ್ಲ ಹೇಳಿಬಿಟ್ಟೆ. ಅಕ್ಕ ಮೊಬೈಲ್ ಬಂದ್ ಮಾಡಲಿಲ್ಲ, ದನಿ ಮಾತ್ರ ಪೂರಾ ಇಳಿಸಿದಳು. ಪರದೆಯ ಮೇಲೆ ತುಟಿಗಳು ಆಡುತ್ತಲೇ ಇದ್ದವು.

"ಅದಕ್ಕ ನನ್ನ ಕಾಂಡಿ ಬಿಡಿಸಿದ್ನೇನು ಅಪ್ಪ" ಎಂದಳು. "ನಾ ನೂಲ ಹರೀತೇನಂತ ತಿಳಕೊಂಡಿದ್ದೆ. ಇಷ್ಟ ವರ್ಷ ಅದ ಸಿಟ್ಟ ಇತ್ತ ನನಗ, ಆಂವನ ಮ್ಯಾಲಲ್ಲ, ಅಪ್ಪನ ಮ್ಯಾಲ." ಕಣ್ಣೊರೆಸಿಕೊಂಡಳು. ಈ ಸಲ ಅತ್ತದ್ದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. "ಅಪ್ಪ ಇದನ್ನ ಒಬ್ಬಾವನ ಹೊತಗೊಂಡ ಅಡ್ಡಾಡಿದ ನೋಡೋ. ನನಗ ಹೇಳಿದ್ರ ನಾ ಏನ ಸಾಯತಿದ್ನೇನು?"

ಆಮೇಲೆ ಮುಖ ತಿರುಗಿಸಿಕೊಂಡೇ ಕೇಳಿದಳು: "ಆಂವ ನನ್ನ ಹೆಸರ ತೊಗೊಂಡ್ನೇನು? ಇಲ್ಲಾ, ಹುಡುಗಿ ಅಂದ್ನೋ?"

ಕೊನೆಗೆ ಆರೋಗ್ಯ ಕೇಳುವಾಗ ಹೆಸರು ಹಿಡಿದೇ ಕೇಳಿದಂತೆ ನೆನಪು. ಆದರೆ ಅಕ್ಕನಿಗೆ ಬೇಕಾದದ್ದನ್ನೇ ನನ್ನ ನೆನಪು ಒದಗಿಸುತ್ತಿರಬಹುದು. ಹೆಸರನ್ನು ಮೊದಲು ನಾನೇ ಹೇಳಿ ಅವನ ಬಾಯಿಗೆ ಹಾಕಿರಲೂಬಹುದು. "ನೆನಪಿಲ್ಲಕ್ಕ" ಎಂದೆ. "ಇರಲಿ ಬಿಡು" ಎಂದು ಅವಳು ಚಹಾ ಇಡಲು ಎದ್ದಳು.

ಮನೆಗೆ ಬಂದು ಶೋಭಾಳನ್ನು ಕೇಳಿದೆ. "ನೀವು ಬರೇ ನಮ್ಮಕ್ಕ, ನಮ್ಮಕ್ಕ ಅನ್ನಾಕತ್ತಿದ್ರಿ" ಎಂದಳು. "ಹೆಸರ ಅಂದಾವ ಆಂವನ." ಹೆಂಡತಿ ನನ್ನ ಸಮಾಧಾನಕ್ಕೆ ಹೇಳಿರಬಹುದು ಎಂದುಕೊಂಡು, ಅಂಗಡಿಯ ನಂಬರು ಹುಡುಕಿ ಫೋನ್ ಮಾಡಿದೆ. ನಾನು ಇಚಲಕರಂಜಿಯವನು, ಮೊನ್ನೆ ಬಂದಿದ್ದೆ, ನಮ್ಮಕ್ಕನ ಹೆಸರನ್ನು ಅವತ್ತು ನಾನು ನಿಮಗೆ ಹೇಳಿದ್ದೆನೇ, ಎಂದಷ್ಟೇ ಕೇಳಿದೆ.

"ನೀವ್ಯಾಕ ಹೇಳಬೇಕ್ರಿ?" ಎಂದ ಅವನು. "ಕಸ್ತೂರಿ ಅಲ್ಲೇನ್ರಿ ಅವರು?"