ಹಲಸಿನ ಗಿಟಾರಿನ ಹನ್ನೆರಡನೇ ಗೆರೆ

ಪೂರ್ಣಿಮಾ, ನಿನ್ನ ಕೈ ತಪ್ಪಿರಲಿಲ್ಲ. ತಪ್ಪಿದ್ದು ನಾನು ತಂದುಕೊಟ್ಟ ಕಾಗದ. ಅದು ನನಗೆ ಗೊತ್ತಾಗಿ ಮೂರು ವರ್ಷವಾಯಿತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ, ನಿಮ್ಮಪ್ಪನಿಗೂ ಹೇಳಲಿಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆದದ್ದಕ್ಕೆ ಕಾರಣವಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ತೊಡಕಾಗುವ ಸತ್ಯವನ್ನು ನಾನು ನಡುವೆಲ್ಲೋ ತುರುಕುತ್ತಿದ್ದೆ — ತೀರ್ಪುಗಾರರು ನೀರು ಕುಡಿಯುವ ಹೊತ್ತು ನೋಡಿಕೊಂಡು. ನೀನು ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದೆ. ‘ಲಾಯರಮ್ಮ’ ಎಂದು ಹೆಸರಿಟ್ಟವಳೂ ನೀನೇ. ಆ ಉಪಾಯವನ್ನು ನಿನ್ನ ಮೇಲೆ ಇನ್ನೊಮ್ಮೆ ಪ್ರಯೋಗಿಸಲಾರೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಹೇಳುತ್ತೇನೆ. ನೀನು ಒಪ್ಪಿದರೆ ಬೇರೆಯವರೂ ಇದನ್ನು ಓದಲಿ, ಸಾಕ್ಷಿಯಾಗಲಿ.

ಆಗ ನನಗೆ ಎಂಟು ತಂತಿಯ ಗಿಟಾರಿನ ಹುಚ್ಚು. ಮಾಮೂಲಿ ಗಿಟಾರಿಗೆ ಆರೇ ತಂತಿ. ಇದಕ್ಕೆ ಕೆಳಗಿನ ಸ್ವರಗಳಿಗೆಂದು ಇನ್ನೆರಡು — ಮೀಟಿದರೆ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವಂಥವು. ಆದರೆ ಅಷ್ಟು ದಪ್ಪ ತಂತಿ ಗಿಡ್ಡಗಿದ್ದರೆ ಹಗ್ಗದ ಹಾಗೆ ಜೋತುಬೀಳುತ್ತದೆ. ಅದನ್ನು ಬಿಗಿಯಬೇಕೆಂದರೆ ಉದ್ದ ಮಾಡಬೇಕು. ಸಣ್ಣ ತಂತಿಯನ್ನು ಅಷ್ಟೇ ಉದ್ದ ಎಳೆದರೆ ಅದು ಕಿರುಚುತ್ತದೆ. ಹಾಗಾಗಿ ಒಂದು ಅಂಚಿನ ತಂತಿ ಇಪ್ಪತ್ತೆಂಟು ಇಂಚು, ಇನ್ನೊಂದು ಅಂಚಿನದು ಇಪ್ಪತ್ತಾರು. ಇದಕ್ಕೆ ಹೊಂದಿಕೊಂಡು, ಸ್ವರಕ್ಕೆ ಬೆರಳೊತ್ತುವ ಲೋಹದ ಅಡ್ಡಗೆರೆಗಳಾದ ಫ್ರೆಟ್‌ಗಳು ನೆಟ್ಟಗೆ ಕೂರದೆ ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡಿಕೊಳ್ಳುತ್ತವೆ. ಫೋಟೋ ತೋರಿಸಿದಾಗ ನಮ್ಮಮ್ಮ, “ಎಲ್ಲಾ ಸೊಟ್ಟಗವೆಯಲ್ಲೇ, ತಗೊಂಡಿದ್ರೆ ವಾಪಸ್ ಕೊಟ್ಬುಡು,” ಎಂದಿದ್ದಳು. ನೀನು ಮಾತ್ರ ಫೋನನ್ನು ಕೈಗೆ ತೆಗೆದುಕೊಂಡು, ಚಿತ್ರವನ್ನು ದೊಡ್ಡದು ಮಾಡಿ ನೋಡಿ, “ನಾನ್ ಮಾಡ್ಕೊಡ್ಲೇನೇ?” ಎಂದೆ.

ನಿನಗೆ ಅದು ಗಿಟಾರಷ್ಟೇ ಆಗಿರಲಿಲ್ಲ ಎಂಬುದು ನನಗೆ ಅಂದೇ ಗೊತ್ತಿತ್ತು. ಇದನ್ನೂ ಬರೆಯಲೇಬೇಕು.

ಅಗ್ರಹಾರದ ನಿಮ್ಮ ವೀಣೆ ಮಾಡುವ ಅಂಗಡಿಯಲ್ಲಿ ಮರ ಯಾರು ಬೇಕಾದರೂ ಕೊರೆಯಬಹುದು, ಹೊಳಪು ಯಾರು ಬೇಕಾದರೂ ಕೊಡಬಹುದು. ತಂತಿಯಡಿ ಸ್ವರದ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವುದು ಮಾತ್ರ ಒಬ್ಬರೇ. ಮೇಣ ಕಾಯಿಸುವ ಬಟ್ಟಲು ಯಾರ ಕೈಗೆ ಬರುತ್ತದೋ ಕಿಟಕಿ ಪಕ್ಕದ ಬೆಂಚು ಅವರದು, ನಾಳೆ ಅಂಗಡಿಯೂ ಅವರದು. ನಿಮ್ಮಪ್ಪನ ಕಣ್ಣು ಮಂಜಾಗತೊಡಗಿತ್ತು. ಬಟ್ಟಲು ನಿನಗೋ, ನಿನ್ನ ಚಿಕ್ಕಪ್ಪನ ಮಗ ಗುರುವಿಗೋ ಎಂಬುದು ತೀರ್ಮಾನವಾಗಿರಲಿಲ್ಲ. “ಇದೊಂದು ನೆಟ್ಟಗೆ ಬರ್ಲಿ ಮಗ, ಆಮೇಲೆ ಆ ಬೆಂಚು ನಿಂದೇ. ಯಾರ್ ಏನಂದ್ರೂ ನಾನ್ ನೋಡ್ಕೋತೀನಿ,” ಎಂದು ಅವರು ನನ್ನೆದುರಿಗೇ ಹೇಳಿದ್ದರು.

ನೀನು ವೀಣೆಗೆಂದು ತೆಗೆದಿಟ್ಟಿದ್ದ ಹಲಸಿನ ತುಂಡನ್ನು ಮೈಗೆ ಆರಿಸಿದೆ. ಬೆರಳು ಓಡಾಡುವ ಪಟ್ಟಿಗೆ ಬೀಟೆ. ಫ್ರೆಟ್‌ಗಳ ನಕ್ಷೆ ನನ್ನ ಪಾಲಿನದು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಚಿತ್ರ ಮಾಡಿ, ದೇವರಾಜ ಮೊಹಲ್ಲಾದ ಒಂದು ಪ್ರಿಂಟಿಂಗ್ ಅಂಗಡಿಗೆ ಒಯ್ದೆ. ಹಾಳೆಗಿಂತ ಚಿತ್ರ ಸ್ವಲ್ಪ ಉದ್ದವಾಗಿತ್ತು.

“ಪೇಜಿಗೆ ಫಿಟ್ ಮಾಡ್ಬುಡ್ಲಾ ಮೇಡಂ?”

“ಮಾಡಿ.”

ಆ ಒಂದು ಮಾತು. ಫೋನಿನಲ್ಲಿ ಯಾರೊಂದಿಗೋ ವಾದ ಮಾಡುತ್ತಲೇ ಹೇಳಿದೆ. ಯಾವ ವಿಷಯಕ್ಕೆ ವಾದ ಎಂಬುದು ಈಗ ನೆನಪಿಲ್ಲ; ಗೆದ್ದದ್ದು ನೆನಪಿದೆ.

ನಕ್ಷೆಯ ಅಂಚಿನಲ್ಲೊಂದು ಪರೀಕ್ಷೆಯ ಗೆರೆ ಇತ್ತು — ‘ಇದು ಸರಿಯಾಗಿ ಹತ್ತು ಸೆಂಟಿಮೀಟರ್ ಇರಬೇಕು’ ಎಂಬ ಸೂಚನೆಯ ಜೊತೆಗೆ. ನಕ್ಷೆ ಅಂದವಾಗಿ ಕಾಣಲಿ ಎಂದು ಆ ಅಂಚನ್ನು ಕತ್ತರಿಸಿ ತೆಗೆದೆ. ಯಾರು ಏನು ಹೇಳಿದರೂ ‘ಪುರಾವೆ ಎಲ್ಲಿ?’ ಎಂದು ಕೇಳುತ್ತಿದ್ದ ನಾನು, ಅಳೆದು ನೋಡದೆ.

ತಂತಿಗಳ ಕೆಳತುದಿಯನ್ನು ಹೊರುವ ಬ್ರಿಡ್ಜ್ ಕೂರುವ ಜಾಗವನ್ನು ನಾವಿಬ್ಬರೂ ಟೇಪು ಹಿಡಿದು ಗುರುತಿಸಿದೆವು — ಒಂದು ಕಡೆ ಇಪ್ಪತ್ತೆಂಟು, ಇನ್ನೊಂದು ಕಡೆ ಇಪ್ಪತ್ತಾರು. ಫ್ರೆಟ್‌ಗಳ ಜಾಗವನ್ನು ಕಾಗದ ಹೇಳಿತು. ಗರಗಸ ಹಿಡಿಯುವ ಮುನ್ನ ನೀನೊಂದು ಕೆಲಸ ಮಾಡಿದೆ. ಒಂದು ದಾರವನ್ನು ತಂತಿಯಷ್ಟೇ ಉದ್ದಕ್ಕೆ ಕತ್ತರಿಸಿ, ಎರಡಾಗಿ ಮಡಿಚಿ ಪಟ್ಟಿಯ ಮೇಲಿಟ್ಟೆ. ಮಡಿಕೆ ಹನ್ನೆರಡನೇ ಗೆರೆಯ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ — ಒಂದು ಅಕ್ಕಿಕಾಳಿನಷ್ಟು ಆಚೆ ಬಿತ್ತು.

“ಅರ್ಧಕ್ಕೆ ಬರ್ತಿಲ್ಲ ಕಣೇ,” ಎಂದೆ ನೀನು. “ಮೇಲಿನ ಷಡ್ಜ ಅರ್ಧದಲ್ಲಿರಬೇಕು. ನಿನ್ ಕಾಗದ ಏನೋ ಸುಳ್ ಹೇಳ್ತಾ ಇದೆ.”

“ಇದು ವೀಣೆ ಅಲ್ಲ ಕಣೇ ಪೂರ್ಣಿ. ಓರೆ ಫ್ರೆಟ್ಟು. ಇದರ ಗಣಿತವೇ ಬೇರೆ. ದಾರ ಮಡಚಿ ಇದನ್ನ ಅಳೆಯೋಕಾಗಲ್ಲ.”

“ತಂತಿ ತಂತೀನೇ ಅಲ್ವಾ?”

“ಕಂಪ್ಯೂಟರ್‌ಗಿಂತ ನಿನ್ನ ದಾರಕ್ಕೆ ಜಾಸ್ತಿ ಗೊತ್ತಾ?”

ತಂತಿ ತಂತಿಯೇ. ಓರೆಯಾಗಿರಲಿ, ನೇರವಾಗಿರಲಿ, ಪ್ರತಿ ತಂತಿಯ ಅರ್ಧ ಹನ್ನೆರಡನೇ ಫ್ರೆಟ್ಟಿಗೇ ಬರಬೇಕು. ನೀನು ಹೇಳಿದ್ದು ಅಕ್ಷರಶಃ ಸರಿ. ನಾನು ಹೇಳಿದ್ದು ಬರೀ ಸದ್ದು — ಆದರೆ ಧೈರ್ಯದ ಸದ್ದು. ನೀನು ದಾರವನ್ನು ಬೆರಳಿಗೆ ಸುತ್ತಿಕೊಂಡು, “ನೀನ್ ಇಷ್ಟ್ ಹೇಳಿದ್ಮೇಲೆ ಸರಿ ಇರತ್ತೆ ಬುಡು,” ಎಂದೆ. ಮೇಣವಾದರೆ ಕಾಯಿಸಿ ಸರಿಸಬಹುದು. ಗರಗಸದ ಗೆರೆ ಸರಿಯುವುದಿಲ್ಲ. ಇಪ್ಪತ್ನಾಲ್ಕು ಗೆರೆಗಳನ್ನೂ ನೀನು ಉಸಿರು ಬಿಗಿಹಿಡಿದು ಕೊಯ್ದೆ.

ತಂತಿ ಏರಿಸಿದ ಮಧ್ಯಾಹ್ನ ನಿಮ್ಮಪ್ಪ ಜುಬ್ಬಾ ಬದಲಿಸಿ ಬಂದು ಕೂತಿದ್ದರು. ಗುರುವೂ ಇದ್ದ. ಬರಿಯ ತಂತಿ ಮೀಟಿದಾಗ ಅಂಗಡಿಯ ಗಾಜಿನ ಬಾಗಿಲು ಗುಂಯ್‌ಗುಟ್ಟಿತು. ನೀನು ನಕ್ಕೆ. ಆಮೇಲೆ ನಾನು ಮೇಲೆ ಮೇಲೆ ಬೆರಳಿಡುತ್ತ ಹೋದೆ, ಸ್ವರ ಇರಬೇಕಾದ ಜಾಗಕ್ಕಿಂತ ಇಳಿಯುತ್ತ ಇಳಿಯುತ್ತ ಹೋಯಿತು. ಹನ್ನೆರಡಕ್ಕೆ ಬರುವಷ್ಟರಲ್ಲಿ ನಿಮ್ಮಪ್ಪ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸಿದ್ದರು.

ಅವರು ಕೂಗಾಡಲಿಲ್ಲ. ನನ್ನನ್ನೇ ಕೇಳಿದರು. “ಅಳತೆ ನಿಮ್ದು, ಕೈ ಇವಳ್ದು. ತಪ್ಪಿದ್ದು ಎಲ್ಲಮ್ಮಾ?”

“ಅಳತೆ ಕಂಪ್ಯೂಟರ್‌ದು ಅಂಕಲ್. ಅದು ತಪ್ಪಲ್ಲ.”

ಗುರು ಸಣ್ಣಗೆ ಕೆಮ್ಮಿದ. ನೀನು ನನ್ನನ್ನು ನೋಡಿದೆ. ದಾರದ ವಿಷಯ ಎತ್ತುತ್ತೀಯ ಎಂದುಕೊಂಡು ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ನೀನು ಎತ್ತಲಿಲ್ಲ. ನಿನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡೆ, ಅಷ್ಟೆ.

ಅಂದು ಹೇಳಿದ್ದು ನನ್ನ ಮಟ್ಟಿಗೆ ಸುಳ್ಳಾಗಿರಲಿಲ್ಲ, ಆಗ ನಾನು ಹಾಗೇ ನಂಬಿದ್ದೆ — ಎಂದು ಇಲ್ಲಿ ವಾದಿಸಬಹುದಿತ್ತು. ಆದರೆ ಎಂಟು ದಿನ ಕಳೆದ ಮೇಲೆ ಹಳೆಯ ನೋಟ್‌ಪುಸ್ತಕವೊಂದನ್ನು ತೆರೆದಾಗ, ಪುಟದ ಗುರುತಿಗೆಂದು ನಾನೇ ಸಿಕ್ಕಿಸಿದ್ದ ಆ ಕಾಗದದ ಅಂಚು ಕೈಗೆ ಬಂತು. ಸ್ಕೇಲು ಇಟ್ಟೆ. ಹತ್ತು ಸೆಂಟಿಮೀಟರ್ ಇರಬೇಕಾದ ಗೆರೆ ಒಂದೂವರೆ ಮಿಲಿಮೀಟರ್ ಗಿಡ್ಡ. ನಕ್ಷೆ ಇಡಿಯಾಗಿ ಕುಗ್ಗಿತ್ತು. ಬ್ರಿಡ್ಜ್ ಮಾತ್ರ ಟೇಪು ಹೇಳಿದ ಜಾಗದಲ್ಲೇ ಕೂತಿತ್ತು.

ಅಗ್ರಹಾರಕ್ಕೆ ಹದಿನೈದು ನಿಮಿಷದ ದಾರಿ. ಗಾಡಿಯ ಕೀಲಿ ಕೈಯಲ್ಲಿತ್ತು. ಸೋಲನ್ನು ಹೇಗೆ ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ — ಇಲ್ಲ, ಇದೂ ನೆವ. ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಬಟ್ಟಲು ಗುರುವಿನ ಕೈಗೆ ಹೋಯಿತು. ನೀನು ಅಡುಗೆಮನೆಗಳಿಗೆ ಕಪಾಟು ಮಾಡಿಕೊಡುವ ಕಂಪನಿಯೊಂದರಲ್ಲಿ ಅಳತೆ ತೆಗೆಯುವ ಕೆಲಸಕ್ಕೆ ಸೇರಿದೆ. ನಾನು ಕಾರ್ಖಾನೆಯಲ್ಲಿ ತಯಾರಾದ ಎಂಟು ತಂತಿಯದೊಂದನ್ನು ತರಿಸಿಕೊಂಡೆ, ವೇದಿಕೆಗಳಲ್ಲಿ ನುಡಿಸಿದೆ. ಹೌದು, ಚೆನ್ನಾಗಿ ನುಡಿಸಿದೆ, ಆನಂದವನ್ನೂ ಪಟ್ಟೆ. ಹಲಸಿನದರ ಬಗ್ಗೆ ಯಾರಾದರೂ ಕೇಳಿದರೆ, “ಲೋಕಲ್ ಕೆಲಸ, ಕೈಕೊಟ್ಟಿತು,” ಎನ್ನುತ್ತಿದ್ದೆ.

ಹೋದ ತಿಂಗಳು ನಮ್ಮಮ್ಮ ಅಡುಗೆಮನೆ ಹೊಸದು ಮಾಡಿಸಬೇಕೆಂದು ಕಂಪನಿಗೆ ಹೇಳಿದಾಗ ಅಳತೆಗೆ ಬಂದವಳು ನೀನು. ಕಟ್ಟೆಯನ್ನು ಅಳೆದೆ, ಬರೆದುಕೊಂಡೆ. ಮತ್ತೆ ಅಳೆದೆ. ಮತ್ತೆ.

“ಎಷ್ಟ್ ಸಲ ಅಳೀತೀಯೇ ಮಾರಾಯ್ತಿ, ಬೆಳೆಯೋಕೆ ಅದೇನು ಮಗೂನಾ?” ಎಂದು ಅಮ್ಮ ನಗೆಯಾಡಿದಳು.

ನೀನೂ ನಕ್ಕೆ. “ನನ್ ಕೈ ಮೇಲೆ ನಂಗೆ ನಂಬಿಕೆ ಇಲ್ಲ ಕಣಮ್ಮ. ಮೂರ್ ಸಲ ನೋಡ್ದೆ ಇದ್ರೆ ಸಮಾಧಾನ ಆಗಲ್ಲ.”

ನಾನು ಹಾಲ್ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಲೋಟವನ್ನು ನಿನ್ನ ಕೈಗಿಟ್ಟು ಒಳಗೆ ಹೋದೆ.

ನೀನು ಹೋದ ಮೇಲೆ ಅಟ್ಟದಿಂದ ಹಲಸಿನ ಗಿಟಾರನ್ನು ಇಳಿಸಿದೆ. ಕಾಗದ ಇಡಿಯಾಗಿ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ, ನೀನು ಕೊಯ್ದ ಗೆರೆಗಳು ಒಂದಕ್ಕೊಂದು ಸರಿಯಾಗಿಯೇ ಇರಬೇಕು. ಸರಿಯಬೇಕಾದದ್ದು ಬ್ರಿಡ್ಜ್ ಒಂದೇ. ತಿರುಪು ಬಿಚ್ಚಿ ಅದನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ತಂದೆ, ದಪ್ಪ ತಂತಿಯ ಕಡೆ ಕೂದಲೆಳೆ ಹೆಚ್ಚು. ಹೊಸ ತೂತು ಕೊರೆದು, ತಂತಿ ಏರಿಸಿ, ಒಂದೊಂದೇ ಫ್ರೆಟ್ ಒತ್ತುತ್ತ ಹೋದೆ. ಎಂಟು ತಂತಿ, ಇಪ್ಪತ್ನಾಲ್ಕು ಗೆರೆ. ಎಲ್ಲೂ ಅಪಸ್ವರವಿಲ್ಲ, ಪೂರ್ಣಿ. ನನ್ನ ಕಾರ್ಖಾನೆಯ ಗಿಟಾರೂ ಅಷ್ಟು ಶುದ್ಧವಾಗಿಲ್ಲ. ಅಂದೇ ನಾನು ಓಡಿಬಂದಿದ್ದರೆ ಈ ಕೆಲಸ ನಿನಗೆ ಒಂದು ಮಧ್ಯಾಹ್ನದ್ದು.

ನೀನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಬೆಂಚು ಈಗ ಗುರುವಿನದು, ಅವನೇನೂ ತಪ್ಪು ಮಾಡಿದವನಲ್ಲ; ಅದನ್ನು ನಿನಗೆ ಮರಳಿ ಕೊಡಿಸುವ ಶಕ್ತಿ ನನಗಿಲ್ಲ. ಸಾಧ್ಯವಿರುವುದು ಒಂದೇ. ಈ ಭಾನುವಾರ ಬೆಳಿಗ್ಗೆ ಹಲಸಿನ ಗಿಟಾರು, ಆ ಕಾಗದದ ಅಂಚು, ಒಂದು ಸ್ಕೇಲು ತೆಗೆದುಕೊಂಡು ನಿಮ್ಮ ಅಂಗಡಿಗೆ ಬರುತ್ತೇನೆ. ನಿಮ್ಮಪ್ಪ ಕೇಳಿದ ಪ್ರಶ್ನೆಗೆ, ಅವರೂ ಗುರುವೂ ಕೂತಿರುವಾಗಲೇ, “ಅಳತೆ ನನ್ನದು, ತಪ್ಪಿದ್ದು ಅಲ್ಲೇ,” ಎನ್ನುತ್ತೇನೆ. ಅದರ ಮೇಲೆ ಒಂದು ಮಾತೂ ಆಡುವುದಿಲ್ಲ.

ಬ್ರಿಡ್ಜಿನ ಹಳೆಯ ತೂತುಗಳನ್ನು ನಾನು ಮುಚ್ಚಿಲ್ಲ. ನಿಮ್ಮಪ್ಪ ಬೆರಳಿಟ್ಟು ನೋಡಲಿ. ನೀನು ಬರುವಾಗ ಒಂದು ದಾರ ತಾ. ಮಡಿಚಿ ಇಡು — ಒಂದೇ ಸಲ ಸಾಕು.