ಕಾಟಾದ ಮೇಲೆ ಬರಿಗಾಲು

ಚಪ್ಪಲಿ ಬಿಟ್ಟದ್ದು ನಿಜ. ಉಳಿದದ್ದರ ಬಗ್ಗೆ ನನಗೆ ಖಾತ್ರಿಯಿಲ್ಲ. ಈ ಕೆಲಸದ ಸಂದರ್ಶನದ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ನನ್ನ ಉತ್ತರ ಸ್ವಲ್ಪ ಚುರುಕಾಗುತ್ತ ಬಂದಿದೆ; ಒಮ್ಮೆಯಂತೂ ಪ್ರಶ್ನೆ ಕೇಳಿದವನನ್ನೇ ಬೆವರಿಸಿಬಿಟ್ಟಿದ್ದೆ. ಅದು ಸುಳ್ಳು. ಬೆವರಿದವನು ನಾನು.

ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮಿಗೆ ಮಾತ್ರ ಕೆಲಸವಿದ್ದ ಚೀಟಿ ಬರೆಯುವವನು ನಾನು. ಕಬ್ಬು ತುಂಬಿದ ಎತ್ತಿನ ಗಾಡಿ ಕಾಟಾದ ಮೇಲೆ, ಅಂದರೆ ನೆಲಕ್ಕೆ ಕೂಡಿಸಿದ ದೊಡ್ಡ ತಕ್ಕಡಿಯ ಕಬ್ಬಿಣದ ಹಾಸಿನ ಮೇಲೆ, ಬಂದು ನಿಂತಾಗ ತುಂಬಿದ ತೂಕ ಬರೆಯಬೇಕು. ಕಬ್ಬು ಇಳಿಸಿ ಮರಳಿದಾಗ ಖಾಲಿ ತೂಕ. ನಾಲ್ಕು ಹಂಗಾಮು ಇದನ್ನೇ ಮಾಡಿದ್ದೆ. ಆ ವರ್ಷ ಕಂಪ್ಯೂಟರ್ ಬರುತ್ತದೆ, ಚೀಟಿಯನ್ನು ಅದೇ ಬರೆಯುತ್ತದೆ, ಅದರ ಮುಂದೆ ಒಬ್ಬ ಕೂತರೆ ಸಾಕು ಎಂದರು. ಆ ಒಬ್ಬ ನಾನಾಗದಿದ್ದರೆ ನನಗೆ ಕೆಲಸವೇ ಇಲ್ಲ.

ಹಾಗಾಗಿ ಮಳೆಗಾಲವಿಡೀ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಗೆ ಹೋಗಿ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತೆ. ಯಂತ್ರ ಎರಡು, ಕಲಿಯುವವರು ಹದಿನೆಂಟು ಜನ. ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಬರೆದು, ಸಾಲಿನ ಮೇಲೆ ಬೆರಳಾಡಿಸಿ, ಓಡಿತು ಎಂದು ನಾವೇ ಹೇಳಿಕೊಳ್ಳುತ್ತಿದ್ದೆವು. ಯಂತ್ರದ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಧೂಳಿಗೆ ಅದು ಕೆಡುತ್ತದಂತೆ. ಕೆಲವರು ಹೊಸ್ತಿಲು ಮುಟ್ಟಿ ನಮಸ್ಕಾರವನ್ನೂ ಮಾಡುತ್ತಿದ್ದರು.

ಸಂದರ್ಶನದ ಕೋಣೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಂಪ್ಯೂಟರ್ ಕಂಡದ್ದೇ ಬಾಗಿಲಲ್ಲಿ ಚಪ್ಪಲಿ ಕಳಚಿದೆ. ಒಳಗೆ ಇಬ್ಬರಿದ್ದರು. ಒಬ್ಬರು ಕಬ್ಬಿನ ವಿಭಾಗದ ಸಾಹೇಬರು, ನನ್ನನ್ನು ಬಲ್ಲವರು. ಇನ್ನೊಬ್ಬ ಯಂತ್ರ ಕೂಡಿಸಲು ಕೊಲ್ಹಾಪುರದಿಂದ ಬಂದಿದ್ದ ಎಂಜಿನಿಯರು. ಮೆಮೊರಿಯಲ್ಲಿ ಎಷ್ಟು ವಿಧ, ಕಂಪ್ಯೂಟರಿನ ಭಾಗಗಳು ಯಾವುವು, ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎಂಜಿನಿಯರು ಅದೊಂದನ್ನೂ ಕೇಳಲಿಲ್ಲ.

"ಬರ್ರಿ, ಹೊರಗ ಹೋಗೂಣು" ಎಂದು ಹಿಂಬಾಗಿಲಿನಿಂದ ಕಾಟಾದ ಹತ್ತಿರ ಕರೆದೊಯ್ದ. ಚಪ್ಪಲಿ ಮುಂಬಾಗಿಲಲ್ಲೇ ಉಳಿಯಿತು. ದೀಪಾವಳಿಗೆ ಮುಂಚಿನ ಮಟಮಟ ಮಧ್ಯಾಹ್ನ. ಅವರಿಬ್ಬರೂ ತಗಡಿನ ನೆರಳಿಗೆ ನಿಂತರು.

"ನೀವು ಕಬ್ಬಿನ ಗಾಡಿ ಅಂತ ತಿಳ್ಕೊಳ್ರಿ. ಹತ್ರಿ ಮ್ಯಾಲೆ."

ಹತ್ತಿದೆ. ಕಬ್ಬಿಣ ರೊಟ್ಟಿಯ ಹೆಂಚಿನ ಹಾಗೆ ಕಾದಿತ್ತು.

"ತುಂಬಿದ ತೂಕ ಕಂಪ್ಯೂಟರಿಗೆ ಹಾಕೀರಿ. ಗಾಡಿ ಒಳಗ ಹೋಗೇತಿ. ಅಷ್ಟರಾಗ ಕರೆಂಟ್ ಹೋತು. ಖಾಲಿ ಗಾಡಿ ತಿರುಗಿ ಬಂತು. ಈಗ ಏನ್ ಮಾಡ್ತೀರಿ?"

"ಫ್ಲಾಪಿಯೊಳಗ ಬ್ಯಾಕಪ್ ಇರ್ತೈತ್ರಿ."

"ಬ್ಯಾಕಪ್ ತಗೊಳ್ಳೂದು ಸಂಜಿಕ. ಈಗ ಮಧ್ಯಾಹ್ನ ಆಗೇತಿ."

"ಬ್ಯಾಟರಿ..."

"ಅದು ಹತ್ತು ಮಿನಿಟಿಂದು. ಕರೆಂಟ್ ಹೋಗಿ ತಾಸಾತು."

"ಮೆಮೊರಿ ಎರಡು ನಮೂನಿ ಇರ್ತಾವ್ರಿ..."

ಸಾಹೇಬರು ನಕ್ಕರು. "ಏ ತಮ್ಮಾ, ಕರೆಂಟ್ ಹೋಗೇತೋ! ನಿನ್ನ ನಮೂನಿ ತಗೊಂಡ್ ಏನ್ ಮಾಡೂಣು? ಮತ್ತ ಹಂಗ್ಯಾಕ ಕುಣಿಯಾಕತ್ತಿ?"

ಕಾಲು ಸುಡುತ್ತಿದೆ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ತಲೆ ಕೆಟ್ಟು ಬಾಯಿಗೆ ಬಂದದ್ದು ಮಾತ್ರ ಹೀಗೆ: "ನಾಕ್ ವರ್ಷ ಏನ್ ಮಾಡೇನಿ ಅದನ್ನ ಮಾಡ್ತೀನ್ರಿ! ಗಾಡಿಯಾಂವ ಚೀಟಿ ತಲಿಗೆ ಸುತ್ತಿದ ಪಟಕಾದಾಗ ಇಟ್ಕೊಂಡು ಬೆವರಿಗೆ ತೊಯ್ಸಿಕೊಂಡು ಬರ್ತಾನಂತ, ತುಂಬಿದ ತೂಕ ಚಾಕ್‌ಪೀಸಲೆ ನೊಗದ ಮ್ಯಾಲೂ ಬರಿತೀನಿ. ಕಾಟಾದ ಮುಳ್ಳಿಗೆ ಕರೆಂಟ್ ಬೇಕಾಗಿಲ್ಲ. ಖಾಲಿ ತೂಕ ನೋಡಿ, ನೊಗದ ಮ್ಯಾಲಿಂದು ನೋಡಿ, ಕಳದ ಬಿಟ್ರ ಮುಗೀತು."

"ನೊಗದ ಮ್ಯಾಲ?" ಎಂಜಿನಿಯರು ಕೇಳಿದ.

"ಚೀಟಿ ಕಳಕೊಂಡಾನು. ನೊಗಾ ಕಳಕೊಂಡ್ ಬರಂಗಿಲ್ರಿ."

ಎಂಜಿನಿಯರು ಪೆನ್ನು ತೆಗೆದು ಬರೆದುಕೊಂಡ. ಗೆದ್ದೆ ಅಂದುಕೊಂಡೆ.

ಕೆಲಸ ರಾಯಬಾಗದ ಒಬ್ಬ ಡಿಪ್ಲೊಮಾದವನಿಗೆ ಆಯಿತು. ನಿನಗೇನು ಕೇಳಿದರು ಎಂದು ಆಮೇಲೆ ಅವನನ್ನು ವಿಚಾರಿಸಿದೆ. "ಏನಿಲ್ರಿ, ಮೆಮೊರಿ ಎಷ್ಟು ನಮೂನಿ ಅಂತ ಕೇಳಿದ್ರು" ಎಂದ.

ನನ್ನನ್ನು ಆ ಹಂಗಾಮಿಗೆ ಉಳಿಸಿಕೊಂಡರು, ಕಾಟಾದ ಪಕ್ಕ ನಿಂತು ಚಾಕ್‌ಪೀಸಿನಿಂದ ಬರೆಯಲಿಕ್ಕೆ. ಜನರಿಗೆ ಹೇಳುವಾಗ ಇಲ್ಲಿಗೆ ನಿಲ್ಲಿಸುತ್ತೇನೆ. ನಗುತ್ತಾರೆ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಹಂಗಾಮು ಮುಗಿಯುವ ಮೊದಲು ಎಂಜಿನಿಯರು ಕಂಪ್ಯೂಟರಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ. ಕರೆಂಟ್ ಹೋದಾಗ ಮಾಡಬೇಕಾದದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ. ತುಂಬಿದ ತೂಕ ನೊಗದ ಮೇಲೆ ಇರತಕ್ಕದ್ದು ಎಂದಿತ್ತು, ಯಾರು ಬರೆಯಬೇಕು ಎಂದಿರಲಿಲ್ಲ. ಮುಂದಿನ ಹಂಗಾಮಿಗೆ ಗಾಡಿಯವರೇ ಚಾಕ್‌ಪೀಸ್ ಇಟ್ಟುಕೊಂಡು ಬಂದು ತೂಕ ತಾವೇ ಬರೆದುಕೊಂಡರು. ಕಾರ್ಖಾನೆಯವರು ನನ್ನನ್ನು ಕರೆಯಲಿಲ್ಲ.