ಏಟು ಬೀಳುವ ಮೊದಲೇ ಪುಸ್ತಕ ಮುಚ್ಚುತ್ತಿದ್ದ ಹನುಮಕ್ಕ ಟೀಚರ್

ಕಥೆಯಲ್ಲಿ ಯಾರಾದರೂ ಯಾರ ಮೇಲಾದರೂ ಕೈ ಎತ್ತಿದರೆ ಸಾಕು, ಹನುಮಕ್ಕ ಟೀಚರ್ ಪುಸ್ತಕ ಮುಚ್ಚಿಬಿಡುತ್ತಿದ್ದರು. ಓದುತ್ತಿದ್ದ ಪುಟದ ನಡುವೆ ಬೆರಳಿಟ್ಟುಕೊಂಡು, ಕನ್ನಡಕವನ್ನು ಹಣೆಗೇರಿಸಿ, ನೆಲದ ಮೇಲೆ ಕೂತ ಮಕ್ಕಳನ್ನೆಲ್ಲ ಒಂದು ಸುತ್ತು ನೋಡಿ, “ಈಗ ಇವ್ನು ಹೊಡೀತಾನೆ. ಹೊಡೀದಂಗೆ ಹೆಂಗೆ ಮಾಡಾದು, ಹೇಳ್ರಪ್ಪ” ಎಂದು ಕೇಳುತ್ತಿದ್ದರು. ಮಕ್ಕಳು ತಲೆಗೊಂದು ಉಪಾಯ ಹೇಳುತ್ತಿದ್ದವು. ಓಡಿಹೋಗಲಿ ಎಂದು ಒಬ್ಬ, ಬೆಲ್ಲ ಕೊಡಲಿ ಎಂದು ಒಬ್ಬಳು, ಅವರಮ್ಮನನ್ನು ಕರೆಯಲಿ ಎಂದು ಮತ್ತೊಬ್ಬ. ಎಲ್ಲರದೂ ಮುಗಿಯುವ ತನಕ ಕಥೆಯೊಳಗಿನವನು ಎತ್ತಿದ ಕೈ ಎತ್ತಿದಂತೆಯೇ ನಿಂತಿರಬೇಕು. ಎಷ್ಟೋ ದಿನ ಕೊನೆಯ ಗಂಟೆ ಹೊಡೆದು ಮಕ್ಕಳು ಮನೆಗೆ ಹೊರಟರೂ ಆ ಏಟು ಬಿದ್ದಿರುತ್ತಿರಲಿಲ್ಲ.

ನಾನು ಮಧುಗಿರಿ ಪೇಟೆಯ ಹುಡುಗಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಟೀಚರ್ ಟ್ರೈನಿಂಗ್ ಮುಗಿಸಿದವಳಿಗೆ ಐ.ಡಿ.ಹಳ್ಳಿಯಿಂದ ಮೂರು ಮೈಲಿ ಒಳಗಿದ್ದ ಒಂದು ಸಣ್ಣ ಊರಿನ ಶಾಲೆಗೆ ಕೆಲಸವಾಯಿತು. ಎರಡು ಕೋಣೆ, ಇಬ್ಬರು ಟೀಚರು. ಹೆಡ್ ಮಿಸ್ಟ್ರೆಸ್ ಹನುಮಕ್ಕ, ಅವರ ಕೈಕೆಳಗೆ ನಾನು. ಅವರಿಗೆ ಆಗ ಐವತ್ತರ ಹತ್ತಿರವಿರಬೇಕು. ಎತ್ತರದ ಕಪ್ಪು ಹೆಂಗಸು. ಗಂಜಿ ಹಾಕಿ ಒಣಗಿಸಿದ ಕೈಮಗ್ಗದ ಸೀರೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು. ಪಾವಗಡದ ಕಡೆಯ ಊರೊಂದರ ಕಾಲೊನಿಯಲ್ಲಿ ಹುಟ್ಟಿ, ಆ ಕಾಲೊನಿಯಿಂದ ಹೈಸ್ಕೂಲು ದಾಟಿದ ಮೊದಲ ಹೆಣ್ಣುಮಗಳು. ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರುತ್ತಿದ್ದರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ‘ಪೋನೀಲೆ’. ಹೋಗಲಿ ಬಿಡು ಎಂದರ್ಥ. ಸಂಬಳ ತಡವಾದರೂ ಪೋನೀಲೆ, ಬಸ್ಸು ತಪ್ಪಿ ಮೂರು ಮೈಲಿ ನಡೆಯಬೇಕಾದರೂ ಪೋನೀಲೆ, ನಾನು ಹಾಜರಿ ಪುಸ್ತಕದ ಮೇಲೆ ಮಸಿ ಚೆಲ್ಲಿದಾಗಲೂ ಪೋನೀಲೆ.

ಅವರ ಆಸ್ತಿ ಎಂದರೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ನಲವತ್ತು ಚಿಲ್ಲರೆ ಮಕ್ಕಳ ಪುಸ್ತಕಗಳಿದ್ದವು. ತರಬೇತಿ ಶಿಬಿರಗಳಿಂದ, ತುಮಕೂರಿನ ಅಂಗಡಿಗಳಿಂದ ಒಂದೊಂದಾಗಿ ಕೂಡಿಸಿದ್ದ, ಬಣ್ಣದ ಚಿತ್ರಗಳ ತೆಳ್ಳನೆ ಪುಸ್ತಕಗಳು. ಯಾವ ಪುಸ್ತಕ ಒಳಗೆ ಬರಬೇಕು, ಯಾವುದು ಬಾರದು ಎಂಬ ವಿಷಯದಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ರಾಜ ರಾಜನ ತಲೆ ಕಡಿಯುವ ಕಥೆ ನಾನೊಮ್ಮೆ ಮಧುಗಿರಿಯಿಂದ ತಂದುಕೊಟ್ಟಾಗ ಪುಟ ತಿರುವಿ ನೋಡಿ ವಾಪಸು ಕೊಟ್ಟರು. “ಈ ರಾಜ್ರೆಲ್ಲ ಹೆಂಗೂ ಪರೀಕ್ಷೆಗೆ ಬತ್ತಾರೆ ಕಣಮ್ಮ, ಇಲ್ಲಿಗೂ ಯಾಕೆ” ಎಂದರು. ಅವರ ಪೆಟ್ಟಿಗೆಯಲ್ಲಿದ್ದವರೆಲ್ಲ ಜಗಳ ಬಿಡಿಸುವವರು, ತಪ್ಪು ಒಪ್ಪಿಕೊಳ್ಳುವವರು, ಬೇರೆ ಭಾಷೆಯವರ ಮನೆಯಲ್ಲಿ ಊಟ ಮಾಡುವವರು. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಶಾಲೆಗೆ ಸೇರಿದ ಮುಳ್ಳುಹಂದಿಯ ಕಥೆ. ಪಕ್ಕದಲ್ಲಿ ಯಾರೂ ಕೂರುವುದಿಲ್ಲವಲ್ಲ, ಅದಕ್ಕೆ ಅದು ದಿನವೂ ಬಾಗಿಲ ಹೊರಗೆ ಕೂತು ಪಾಠ ಕೇಳುತ್ತದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಂದೊಂದು ಮಗುವೂ ಒಂದೊಂದು ಪುಸ್ತಕ ಮನೆಗೆ ಒಯ್ಯಬೇಕು, ಮನೆಯವರಿಗೆ ಓದಿ ಹೇಳಬೇಕು, ಸೋಮವಾರ ತರಬೇಕು. ಇದು ಅವರದೇ ಪದ್ಧತಿ. ಈ ವಾರ ಕಾಲೊನಿಯ ಮನೆಯಲ್ಲಿದ್ದ ಪುಸ್ತಕ ಮುಂದಿನ ವಾರ ಮೇಲಿನ ಬೀದಿಗೆ, ಅದರ ಮುಂದಿನ ವಾರ ಕುರಿ ಕಾಯುವವರ ಹಟ್ಟಿಗೆ ಹೋಗುತ್ತಿತ್ತು.

ಇದು ಮೇಲಿನ ಬೀದಿಯ ರಂಗಪ್ಪನವರಿಗೆ ಸರಿಬರಲಿಲ್ಲ. ಒಂದು ಬೆಳಗ್ಗೆ ಬಂದು, ತಮ್ಮ ಮಗಳಿಗೆ ಬೇರೆ ಪುಸ್ತಕ ಇಡಬೇಕೆಂದರು. ಕಾಸು ಬೇಕಾದರೂ ತಾವೇ ಕೊಡುತ್ತೇವೆ, ಎಲ್ಲರ ಮನೆ ಸುತ್ತಿ ಬಂದದ್ದು ತಮ್ಮ ಮನೆ ನಡುಮನೆಗೆ ಬರುವುದು ಬೇಡ ಎಂದರು. ಹನುಮಕ್ಕ ಟೀಚರ್ ಹುಟ್ಟಿದ್ದು ಎಲ್ಲಿ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ನಾನು ಒಳಗೊಳಗೇ ಹೆದರಿ, ಈಗ ಇವರು ಪೋನೀಲೆ ಎಂದುಬಿಡಲಿ ಎಂದುಕೊಂಡೆ. ಅವರು ಅನ್ನಲಿಲ್ಲ. ಕುರ್ಚಿಯಿಂದ ಎದ್ದು ನಿಂತು, ದನಿ ಏರಿಸದೆ, “ಪುಸ್ತಕ ಇರಾದು ಇವೇ ರಂಗಪ್ಪೋರೆ. ಬೇಕಂದ್ರೆ ಮಗು ತಗಂಡೋಗ್ತೈತೆ, ಬ್ಯಾಡಂದ್ರೆ ಬುಡ್ತೈತೆ. ಬೇರೆ ಮಾಡಿ ಇಡಾಕೆ ನನ್ ಕೈಲಾಗಲ್ಲ” ಎಂದರು.

ಎರಡು ಶನಿವಾರ ಆ ಹುಡುಗಿ ಬರಿಗೈಲಿ ಹೋದಳು. ಮೂರನೆಯ ವಾರ ರಂಗಪ್ಪನವರು ಮತ್ತೆ ಬಂದರು. ಅವರು ಬಾಗಿಲಲ್ಲೇ ನಿಂತು, ಮಗಳು ಅನ್ನ ಬಿಟ್ಟು ಅಳುತ್ತಿದ್ದಾಳೆ, ಎಲ್ಲರಿಗೂ ಮುಳ್ಳುಹಂದಿಯ ಕಥೆ ಗೊತ್ತು ತನಗೊಬ್ಬಳಿಗೆ ಗೊತ್ತಿಲ್ಲ ಅಂತಾಳೆ, ಅದನ್ನು ಕೊಟ್ಟು ಕಳಿಸಿ ಎಂದರು. ಸೋಮವಾರ ಪುಸ್ತಕ ವಾಪಸು ಬಂತು. ಅದರ ಹಿಂದೆಯೇ ರಂಗಪ್ಪನವರು. ಮುಳ್ಳುಹಂದಿ ಬಾಗಿಲ ಹೊರಗಿಂದ ಒಳಗೆ ಬರುವುದು ಎರಡನೆಯ ಭಾಗದಲ್ಲೋ ಹೇಗೆ, ಆ ಭಾಗ ಇದೆಯೋ ಎಂದು ಕೇಳಿದರು. ಟೀಚರ್ ನಗಲಿಲ್ಲ. ಎರಡನೆಯ ಭಾಗ ಯಾರೂ ಬರೆದಿಲ್ಲ, ಮನೆಯಲ್ಲಿ ನೀವೇ ಸೇರಿ ಕಟ್ಟಿ ಎಂದು ಕಳಿಸಿದರು. ಅವರು ಅಗಸೆಬಾಗಿಲು ದಾಟಿದ ಮೇಲೆ ಟೀಚರ್ ಬಾಯಿಗೆ ಸೆರಗಿಟ್ಟು ನಕ್ಕರು.

ಇಂಥವರ ಶಾಲೆಯಲ್ಲಿ ನಾನು ಒಂದು ಮಗುವಿಗೆ ಹೊಡೆದೆ.

ಅವತ್ತು ಸೋಮವಾರ. ಟೀಚರ್ ಐ.ಡಿ.ಹಳ್ಳಿಗೆ ಮೀಟಿಂಗಿಗೆ ಹೋಗಿದ್ದರು. ಮಕ್ಕಳು ಪುಸ್ತಕ ಒಪ್ಪಿಸುತ್ತಿದ್ದವು. ಹಟ್ಟಿಯಿಂದ ಬರುತ್ತಿದ್ದ ಲಕ್ಕಮ್ಮ, ನಾಲ್ಕನೇ ಕ್ಲಾಸಿನವಳು, ತಂದ ಪುಸ್ತಕದಲ್ಲಿ ಒಂದು ಹಾಳೆ ಇರಲಿಲ್ಲ. ಅದು ಬಾವಿಗಾಗಿ ಜಗಳವಾಡಿ ಕೊನೆಗೆ ಒಂದಾಗುವ ಅಣ್ಣತಮ್ಮಂದಿರ ಕಥೆ. ಹಾಳೆ ತಾನಾಗಿ ಕಿತ್ತುಬಂದದ್ದಲ್ಲ, ಎಳೆದು ಹರಿದದ್ದು. ಯಾಕೆ ಹರಿದೆ ಎಂದು ಕೇಳಿದೆ. ಅವಳು ನೆಲ ನೋಡುತ್ತ ನಿಂತಳು. ನಾಲ್ಕು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ನನ್ನ ಜವಾಬ್ದಾರಿಗೆ ಬಿಟ್ಟುಹೋದ ದಿನವೇ ಹೀಗಾಯಿತಲ್ಲ ಎಂಬ ಸಿಟ್ಟು. ಬೇಲಿ ಪಕ್ಕದ ಮರದಿಂದ ಹುಣಿಸೆ ಬರಲು ಕಿತ್ತುಕೊಂಡು ಬಂದು ಅಂಗೈ ಮೇಲೆ ಎರಡು ಕೊಟ್ಟೆ. ಮೂರನೆಯದಕ್ಕೆ ಅವಳು ಕೈ ಹಿಂದಕ್ಕೆ ತೆಗೆದಳು, ಏಟು ಮುಂಗೈ ಮೇಲೆ ಬಿದ್ದು ಬಾಸುಂಡೆ ಎದ್ದಿತು. ಅವಳು ಅಳಲಿಲ್ಲ. ನನ್ನ ಎಡಗೈಯಲ್ಲಿ ಆ ಪುಸ್ತಕ ಇನ್ನೂ ಇತ್ತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹೋದವಳು ಮತ್ತೆ ಬರಲಿಲ್ಲ. ಮನೆಗೆ ಹೋಗಿರಬೇಕು ಎಂದುಕೊಂಡೆ.

ನಾಲ್ಕು ಗಂಟೆಗೆ ಟೀಚರ್ ಬಂದರು. ನಾನು ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಹಟ್ಟಿಯ ಕಡೆಯಿಂದ ಇಬ್ಬರು ಗಂಡಸರು ಬಿರಬಿರನೆ ಬರುವುದು ಕಂಡಿತು. ಒಬ್ಬ ಲಕ್ಕಮ್ಮನ ಅಪ್ಪ ಈರಣ್ಣ, ಇನ್ನೊಬ್ಬ ಅವಳ ಚಿಕ್ಕಪ್ಪ ಚಿತ್ತಣ್ಣ. ಕುರಿ ಪಾಲಾಗುವಾಗ ಇಬ್ಬರಿಗೂ ಜಗಳವಾಗಿ, ಚಿತ್ತಣ್ಣ ದೊಣ್ಣೆಯಿಂದ ಹೊಡೆದು ಅಣ್ಣನ ಹಣೆ ಒಡೆದಿದ್ದ. ಐದು ತಿಂಗಳಿಂದ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಈಗ ಹೆಗಲಿಗೆ ಹೆಗಲು ಕೊಟ್ಟು ಬಂದಿದ್ದರು. ಮಗು ಮನೆಗೆ ಬಂದಿಲ್ಲ, ಹೊಡೆದ ಸುದ್ದಿ ಮಾತ್ರ ಬಂದಿದೆ, ಮಗು ಎಲ್ಲಿ ಎಂದು ಚಿತ್ತಣ್ಣ ಕೇಳಿದ.

ಶಾಲೆಗೂ ಹಟ್ಟಿಗೂ ನಡುವೆ ಕಟ್ಟೆಯಿಲ್ಲದ ಎರಡು ಬಾವಿಗಳಿದ್ದವು. ಬೇರೇನೂ ನನಗೆ ಹೊಳೆಯಲಿಲ್ಲ. ಟೀಚರ್ ನನ್ನನ್ನು ಬೈಯಲೂ ಇಲ್ಲ, ಸಮರ್ಥಿಸಲೂ ಇಲ್ಲ. “ಹೊಡೆದದ್ದು ನಿಜ, ತಪ್ಪು ನಮ್ಮದು. ಮೊದ್ಲು ಮಗೀನ ಹುಡ್ಕಾನ” ಎಂದು ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಮೊದಲ ಬಾವಿಯಲ್ಲಿ ನೀರು ಅಲುಗದೆ ನಿಂತಿತ್ತು. ಎರಡನೆಯದರಲ್ಲಿ ಚಿತ್ತಣ್ಣ ಇಳಿದು ನೋಡಿ ಮೇಲೆ ಬಂದ. ಈರಣ್ಣ ಅವನಿಗೆ ಕೈಕೊಟ್ಟು ಎಳೆದುಕೊಂಡ. ಹೊಂಗೆ ಮರಗಳ ಸಾಲು, ಹಳ್ಳ, ಗುಡ್ಡದ ಬುಡ, ಎಲ್ಲ ಕಡೆ ಹೆಸರು ಹಿಡಿದು ಕೂಗಿದೆವು. ಹಿಂದೆ ಬಿದ್ದಾಗ ಟೀಚರ್ ನನ್ನ ಕೈ ಹಿಡಿದುಕೊಂಡರು, ಆಮೇಲೆ ಬಿಡಲಿಲ್ಲ.

ಹೊತ್ತು ಇಳಿಯುವ ಮುಂಚೆ ಲಕ್ಕಮ್ಮ ಸಿಕ್ಕಿದಳು. ಸಿಕ್ಕಿದ್ದು ಚಿತ್ತಣ್ಣನದೇ ರೊಪ್ಪದಲ್ಲಿ. ದೊಡ್ಡ ಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ಕೂಡಿಹಾಕುವ ಆ ಮುಳ್ಳುಬೇಲಿಯ ದೊಡ್ಡಿಯೊಳಗೆ, ಮರಿಗಳ ನಡುವೆ, ಒಂದು ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿ ನಿದ್ದೆಹೋಗಿದ್ದಳು. ಈರಣ್ಣ ಹಾಗೇ ನೆಲಕ್ಕೆ ಕೂತುಬಿಟ್ಟ. ನಾನು ಬೇಲಿಯ ಗೂಟ ಹಿಡಿದುಕೊಂಡು ಅತ್ತೆ. ಅಷ್ಟು ಹಗುರಾದ ಗಳಿಗೆ ನನ್ನ ಬದುಕಿನಲ್ಲಿ ಮತ್ತೊಂದಿಲ್ಲ. ಮುಂದೆ ನನ್ನದೇ ಮಗಳು ಹುಟ್ಟಿದಾಗಲೂ ಅಷ್ಟು ಹಗುರಾಗಿರಲಿಲ್ಲ.

ಎದ್ದ ಲಕ್ಕಮ್ಮ ಎಲ್ಲರನ್ನೂ ನೋಡಿ ಗಾಬರಿಯಾದಳು. ಟೀಚರ್ ಅವಳ ಪಕ್ಕ ಗೊಬ್ಬರದ ಮೇಲೆಯೇ ಕುಕ್ಕರುಗಾಲಲ್ಲಿ ಕೂತು, ಹಾಳೆ ಎಲ್ಲಿ ಮಗಾ ಎಂದು ಮೆಲ್ಲಗೆ ಕೇಳಿದರು. ಅವಳು ರವಿಕೆಯೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ತಮ್ಮ ಅಣ್ಣನ ಮೇಲೆ ದೊಣ್ಣೆ ಎತ್ತಿದ ಚಿತ್ರ ಅದು.

“ನೆನ್ನೆ ಅಜ್ಜಿ ಅಪ್ಪ ಚಿಕ್ಕಪ್ಪ ಇಬ್ರನ್ನೂ ಕರ್ದು ಕುಂಡ್ರಿಸಿ ಕತೆ ಓದು ಅಂದಿತ್ತು. ಇದ್ನ ನೋಡಿದ್ರೆ ಚಿಕ್ಕಪ್ಪ ಎದ್ದೋಗ್ಬುಡ್ತಿತ್ತು. ಅದ್ಕೆ ಕಿತ್ಕಂಡೆ” ಎಂದಳು.

ಚಿತ್ತಣ್ಣ ಕಾಗದ ಇಸಿದುಕೊಂಡು ಬಹಳ ಹೊತ್ತು ನೋಡಿದ. ಅವಳ ಮುಂಗೈಯ ಬಾಸುಂಡೆಯ ಮೇಲೆ ತನ್ನ ಹೆಬ್ಬೆರಳು ಆಡಿಸಿದ. ಈರಣ್ಣ ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ನಾಳೆ ಶಾಲೆಯಲ್ಲಿ ಎಲ್ಲರೆದುರು ಅವಳ ಕ್ಷಮೆ ಕೇಳುತ್ತೇನೆಂದು ನಾನು ಟೀಚರ್ ಕಿವಿಯಲ್ಲಿ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ನಾಳೆ ಅನ್ಬ್ಯಾಡ. ಮಗು ಎದುರಿಗೈತೆ. ಈಗ್ಲೇ ಕೇಳ್ಬುಡು” ಎಂದರು. ನಾನು ಅವಳ ಮುಂದೆ ಮೊಣಕಾಲೂರಿ ಕೇಳಿದೆ. ಏನು ಮಾತು ಆಡಿದೆನೋ ತಿಳಿಯದು. ಲಕ್ಕಮ್ಮ ಸ್ವಲ್ಪ ಯೋಚಿಸಿ, “ಶನಿವಾರ ನಂಗೆ ಪುಸ್ತಕ ಕೊಡ್ತೀರ ತಾನೆ?” ಎಂದಳು.

ಅಣ್ಣತಮ್ಮಂದಿರು ಮಗುವನ್ನು ನಡುವೆ ನಡೆಸಿಕೊಂಡು ಹಟ್ಟಿಗೆ ಹೋದರು. ಅವರನ್ನು ನೋಡುತ್ತ ಟೀಚರ್, ನಿನ್ನನ್ನು ಬೈಯೋದಕ್ಕಾದರೂ ಇಬ್ಬರೂ ಒಂದಾದರಲ್ಲ ಎಂದು ಅವತ್ತು ಮೊದಲ ಬಾರಿಗೆ ನಕ್ಕರು. ಮಾರನೆಯ ದಿನ ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ, ಹಾಳೆ ಅಂಟಿಸುವುದೋ ಬೇಡವೋ ಎಂದು ಲಕ್ಕಮ್ಮನನ್ನೇ ಕೇಳಿದರು. ಚಿಕ್ಕಪ್ಪ ನೋಡಿಯಾಯ್ತಲ್ಲ, ಅಂಟಿಸಿ ಎಂದಳು. ಊರಿನವರು ದೂರು ಬರೆಯುತ್ತಾರೆ, ನನ್ನ ಕೆಲಸ ಹೋಗುತ್ತದೆ ಎಂದು ನಾನು ಹದಿನೈದು ದಿನ ಕಾದೆ. ಯಾರೂ ಬರೆಯಲಿಲ್ಲ. ಹಟ್ಟಿಯಿಂದ ಲಕ್ಕಮ್ಮನ ಜೊತೆಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಬಂದರು.

ಎರಡು ವರ್ಷದ ಮೇಲೆ ಟೀಚರಿಗೆ ಪಾವಗಡದ ಕಡೆಗೆ ವರ್ಗವಾಯಿತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟುಹೋದರು. ವರ್ಷಕ್ಕೊಂದೆರಡು ಕಾಗದ ಬರೆಯುತ್ತಿದ್ದೆವು.

ಕೊನೆಯ ಸಲ ಅವರನ್ನು ಕಂಡದ್ದು ಎಂಬತ್ತರ ದಶಕದ ನಡುವೆ, ಅವರು ರಿಟೈರಾಗಿ ಪಾವಗಡದಲ್ಲಿ ಕೋಟೆ ಬೆಟ್ಟದ ಕೆಳಗೆ ಒಂದು ಕೋಣೆಯ ಮನೆಯಲ್ಲಿದ್ದಾಗ. ಬಹಳ ಸೊರಗಿದ್ದರು, ಆದರೆ ಮುಖದಲ್ಲಿ ಎಂಥದೋ ನಿರಾಳ. ಅವತ್ತು ಲಕ್ಕಮ್ಮನ ಮಾತು ಬಂದು, ಆ ಏಟನ್ನು ಇನ್ನೂ ಮರೆಯಲಾಗಿಲ್ಲ ಎಂದೆ. ಅವರು ಯಾರಿಗೂ ಹೇಳದಿದ್ದದ್ದನ್ನು ಹೇಳಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರೂ ಒಬ್ಬ ಹುಡುಗನಿಗೆ ಹೊಡೆದಿದ್ದರಂತೆ, ಕಿವಿಯಿಂದ ರಕ್ತ ಬರುವಷ್ಟು. ಮಾರನೆಯ ದಿನ ಕ್ಷಮೆ ಕೇಳೋಣವೆಂದು ಹೋದರೆ ಆ ಮನೆಯವರು ಕೂಲಿಗೆಂದು ಊರನ್ನೇ ಬಿಟ್ಟುಹೋಗಿದ್ದರು. ಆಂಧ್ರದ ಕಡೆ ಎಂದಷ್ಟೇ ಗೊತ್ತಾಯಿತು. ಮೂವತ್ತು ವರ್ಷ ಹೋದ ಊರಲ್ಲೆಲ್ಲ ಆ ಮುಖ ಹುಡುಕಿದ್ದರು.

“ಹೋದ ತಿಂಗಳು ಸಿರಾಗೆ ಹೋಗೋ ಬಸ್ಸಲ್ಲಿ ಕಂಡಕ್ಟ್ರು ಟಿಕೆಟ್ ಹರೀದೆ ನನ್ನೇ ನೋಡ್ತಾ ನಿಂತ್ಕಂಡ ಕಣಮ್ಮ. ‘ಟೀಚರಮ್ಮ, ಮೀರೇನಾ?’ ನೀವೇನಾ ಅಂದ. ಅವ್ನೇ, ಆ ಹುಡ್ಗ. ನಾನು ಬಸ್ಸಲ್ಲೇ ಕೈ ಮುಗ್ದು, ಹಿಂಗೆ ಹೊಡೆದಿದ್ದೆ, ತಪ್ಪಾಯ್ತು ಕಣಪ್ಪ ಅಂದೆ. ಅವ್ನಿಗೆ ನೆಪ್ಪೇ ಇಲ್ಲ. ನೀವು ಕತೆ ಹೇಳ್ತಿದ್ದದ್ದು ನೆಪ್ಪೈತೆ, ಹೊಡೆದದ್ದು ಯಾವಾಗ ಅಂತಾನೆ. ಕಿವಿ ಕೇಳ್ತೈತಾ ಅಂದ್ರೆ, ಚೆನ್ನಾಗ್ ಕೇಳ್ತೈತೆ ಅಂತ ನಗ್ತಾನೆ.”

ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ.

ಆ ವರ್ಷ ದೀಪಾವಳಿಯ ಹೊತ್ತಿಗೆ ಅವರು ತೀರಿಕೊಂಡರು. ಸುದ್ದಿಯ ಕಾಗದ ನನಗೆ ಮುಟ್ಟಿದ್ದು ಮಣ್ಣಾಗಿ ನಾಲ್ಕು ದಿನದ ಮೇಲೆ. ಕೊನೆಗೆ ಮುಖ ನೋಡಲಾಗಲಿಲ್ಲ ಎಂದು ಅಳುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಆ ಕಂಡಕ್ಟರ್ ನೆನಪಾದ. ಸದ್ಯ, ಆ ಬಸ್ಸನ್ನು ಅವರು ಹತ್ತಿದ್ದರಲ್ಲ ಎಂದುಕೊಂಡು ಕಣ್ಣೊರೆಸಿಕೊಂಡೆ.